ಇಬ್ಬರು ಹುಡುಗರ ಪ್ರೀತಿಗೆ ದುರಂತವೇ ಯಾಕೆ ಬೇಕು?

ನೆಟ್‌ಫ್ಲಿಕ್ಸ್‌ನ 'ಹಾರ್ಟ್‌ಸ್ಟಾಪರ್' ಸೀರೀಸ್ ನೋಡಿ ಮುಗಿಸಿದೆ. ನಲವತ್ತೈದು ದಾಟಿದವನು ಇಂಗ್ಲೆಂಡಿನ ಹೈಸ್ಕೂಲ್ ಹುಡುಗರ ಪ್ರೀತಿಕತೆ ನೋಡ್ತಾ ಕೂತಿದ್ದಾನೆ ಅಂತ ಮನೆಯಲ್ಲಿ ನಕ್ಕರು. ನಗಲಿ ಬಿಡಿ.

ಕತೆ ಇಷ್ಟೇ. ಗಂಡುಮಕ್ಕಳ ಶಾಲೆ. ಚಾರ್ಲಿ ಅನ್ನೋ ಹುಡುಗನ ಪಕ್ಕ ರಗ್ಬಿ ಆಡುವ ನಿಕ್ ಬಂದು ಕೂರುತ್ತಾನೆ. ದಿನಾ ಒಂದು 'ಹಾಯ್'. ಆಮೇಲೆ ಸ್ನೇಹ. ಆಮೇಲೆ ಮೆಸೇಜ್ ಟೈಪ್ ಮಾಡಿ, ಅಳಿಸಿ, ಮತ್ತೆ ಟೈಪ್ ಮಾಡುವ ಒದ್ದಾಟ. ಕೈಗೆ ಕೈ ತಾಗುತ್ತಾ ಇಲ್ವಾ ಅನ್ನೋದೇ ಇಲ್ಲಿ ದೊಡ್ಡ ಸಂಗತಿ. ಯಾರೂ ಸಾಯುವುದಿಲ್ಲ, ಯಾರೂ ಊರು ಬಿಟ್ಟು ಓಡುವುದಿಲ್ಲ. ನನಗೆ ಹೊಸದೆನಿಸಿದ್ದು ಇದೇ.

ಕನ್ನಡದಲ್ಲಿ ಸಲಿಂಗಪ್ರೇಮಿಯೊಬ್ಬನ ನೋವು ಹೇಳುವ ವಸುಧೇಂದ್ರರ ಕಥಾಸಂಕಲನ 'ಮೋಹನಸ್ವಾಮಿ' 2013ರಲ್ಲೇ ಬಂತು. ಆ ನೋವನ್ನು ಯಾರಾದರೂ ಹೇಳಲೇಬೇಕಿತ್ತು. ಆದರೆ ಹದಿನೈದರ ಹುಡುಗನಿಗೆ ನೋವಿನ ಕತೆ ಮಾತ್ರ ಸಿಕ್ಕರೆ, ತನ್ನ ಹಣೆಬರಹವೂ ಇಷ್ಟೇ ಅಂದುಕೊಳ್ಳುವುದಿಲ್ವಾ? ಹುಡುಗ ಹುಡುಗಿಯ ಪ್ರೀತಿಗಾದರೆ ನಮ್ಮಲ್ಲಿ ಎಲ್ಲಾ ಥರದ್ದೂ ಇದೆ. ಅಳುವುದು, ನಗುವುದು, ಬಸ್‌ಸ್ಟಾಪಿನಲ್ಲಿ ಕಾಯುವುದು, ಏನೂ ಆಗದೆ ಸುಮ್ನೆ ಮುಗಿದುಹೋಗುವುದು. ಇಬ್ಬರು ಹುಡುಗರಿಗೆ ನಮ್ಮ ಸಿನಿಮಾಗಳು ಜಾಸ್ತಿ ಕೊಟ್ಟಿದ್ದು ಕಾಮಿಡಿ ಟ್ರ್ಯಾಕ್.

ಇಂಗ್ಲೆಂಡಿನಲ್ಲೂ ಇದು ಸಲೀಸಾಗಿ ಬಂದದ್ದಲ್ಲ. 1988ರಲ್ಲಿ ಥ್ಯಾಚರ್ ಸರ್ಕಾರ 'ಸೆಕ್ಷನ್ 28' ತಂದಿತು. ಸ್ಥಳೀಯ ಆಡಳಿತಗಳು ಸಲಿಂಗಪ್ರೇಮಕ್ಕೆ ಪ್ರಚಾರ ಕೊಡಕೂಡದು, ಅದು ಒಪ್ಪತಕ್ಕದ್ದು ಅಂತ ತಮ್ಮ ಶಾಲೆಗಳಲ್ಲಿ ಕಲಿಸಕೂಡದು ಅಂತ. ಮೇಷ್ಟ್ರುಗಳು ಹೆದರಿದರು. ಹುಡುಗನೊಬ್ಬನನ್ನು ಅದೇ ಕಾರಣಕ್ಕೆ ಗೋಳು ಹೊಯ್ದುಕೊಂಡರೂ ಮಾತೆತ್ತಲು ಅಂಜಿದರು. ಸ್ಕಾಟ್ಲೆಂಡಿನಲ್ಲಿ 2000ದಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರಲ್ಲಿ ಅದು ಹೋಯಿತು. ಈ ಕತೆ ಬರೆದ ಆಲಿಸ್ ಓಸ್ಮನ್ ಹುಟ್ಟಿದ್ದು 1994ರಲ್ಲಿ. ಅವರ ಬಾಲ್ಯದಲ್ಲಿ ಆ ಕಾನೂನು ಇನ್ನೂ ಜೀವಂತವಾಗಿತ್ತು. 2016ರಲ್ಲಿ ಅವರು ಇದನ್ನು ಇಂಟರ್ನೆಟ್‌ನಲ್ಲಿ ಕಾಮಿಕ್ ಆಗಿ ಹಾಕಲು ಶುರು ಮಾಡಿದರು. ಮೊದಲ ಪುಸ್ತಕ ಓದುಗರು ಕೂಡಿಸಿಕೊಟ್ಟ ದುಡ್ಡಿನಲ್ಲಿ ಅಚ್ಚಾಯಿತು. ನೆಟ್‌ಫ್ಲಿಕ್ಸ್‌ಗೆ ಬಂದಿದ್ದು 2022ರಲ್ಲಿ.

ಇದು ಗೊತ್ತಿದ್ದರೆ ಅಜಾಯಿ ಮೇಷ್ಟ್ರ ಪಾತ್ರ ಬೇರೆಯೇ ಥರ ಕಾಣುತ್ತದೆ. ಚಿತ್ರಕಲೆ ಮೇಷ್ಟ್ರು. ಊಟದ ಹೊತ್ತಿನಲ್ಲಿ ಚಾರ್ಲಿ ತಮ್ಮ ಕ್ಲಾಸ್‌ರೂಮಿಗೆ ಬಂದು ಕೂತರೆ ಇರಲಿ ಅಂತ ಬಿಡುತ್ತಾರೆ. ದೊಡ್ಡ ಭಾಷಣವೇನಿಲ್ಲ. ನಿಕ್‌ನ ಅಮ್ಮನೂ ಹಾಗೇ. ಮಗ ತಡವರಿಸುತ್ತಾ ಹೇಳಿಕೊಂಡಾಗ, ನನ್ನ ಹತ್ತಿರ ಹೇಳಲಾಗದ ಹಾಗೆ ನಾನೇನಾದರೂ ಮಾಡಿದ್ದರೆ ಸಾರಿ ಅನ್ನುತ್ತಾಳೆ. ಅಲ್ಲಿ ನಾನು ವಿಡಿಯೋ ನಿಲ್ಲಿಸಿ, ಎದ್ದು ಹೋಗಿ ನೀರು ಕುಡಿದು ಬಂದೆ.

ನೋಡಿದವರೆಲ್ಲ ಇದನ್ನು ಅರ್ಥ ಮಾಡಿಕೊಂಡರು ಅಂತೇನಿಲ್ಲ. ನಿಕ್ ಪಾತ್ರ ಮಾಡಿದ ಕಿಟ್ ಕಾನರ್‌ಗೆ ಆಗ ಹದಿನೆಂಟು. ನಿನಗೆ ನಿಜವಾಗಲೂ ಹುಡುಗರು ಇಷ್ಟವೋ ಹುಡುಗಿಯರೋ ಹೇಳು ಅಂತ ಟ್ವಿಟರ್‌ನಲ್ಲಿ ಕಾಡಿ ಕಾಡಿ, 2022ರ ಕೊನೆಯಲ್ಲಿ ಅವನ ಬಾಯಿ ಬಿಡಿಸಿದರು. ಹೇಳಲು ಹೊತ್ತು ಕೊಡಿ ಅನ್ನುವ ಕತೆಯ ಅಭಿಮಾನಿಗಳೇ ಹೀಗೆ ಮಾಡಿದ್ದು! ಕತೆ ತಲೆಗೇ ಹೋಗಲಿಲ್ವಲ್ಲ ಅಂತ ಅವನೂ ಚುಚ್ಚಿದ.

ಇನ್ನು ನಮ್ಮ ಕಡೆ. ಇಲ್ಲಿ ಇಬ್ಬರು ಹುಡುಗರು ಹೆಗಲ ಮೇಲೆ ಕೈ ಹಾಕಿಕೊಂಡು ಊರೆಲ್ಲಾ ಸುತ್ತಬಹುದು, ಒಂದೇ ಸೈಕಲ್ಲಿನಲ್ಲಿ ಶಾಲೆಗೆ ಹೋಗಬಹುದು. ಯಾರೂ ತಿರುಗಿ ನೋಡುವುದಿಲ್ಲ. ಅಷ್ಟರ ಮಟ್ಟಿಗೆ ನಮ್ಮ ಹುಡುಗರು ಪುಣ್ಯವಂತರು. ಆದರೆ ಅದರಲ್ಲೊಬ್ಬ 'ನನಗೆ ಅವನು ಇಷ್ಟ' ಅಂದ ತಕ್ಷಣ ಮುಗಿಯಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಸಲಿಂಗಕಾಮವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ವಿಷಯದಲ್ಲಿ ಕೊಟ್ಟ ತೀರ್ಪು, ಒಪ್ಪಿ ಕೂಡುವ ದೊಡ್ಡವರನ್ನು ಅಪರಾಧಿಗಳ ಪಟ್ಟಿಯಿಂದ ತೆಗೆಯಿತು. ಶಾಲೆಯ ಕಾಂಪೌಂಡಿನೊಳಗೆ ಏನಾಗಬೇಕು ಅನ್ನೋದು ಮೇಷ್ಟ್ರಿಗೆ, ಅಪ್ಪ ಅಮ್ಮನಿಗೆ ಬಿಟ್ಟದ್ದು.

'ಮಕ್ಕಳಿಗೆ ಇದೆಲ್ಲ ಈಗಲೇ ಯಾಕೆ' ಅನ್ನುವವರಿದ್ದಾರೆ. ಏಳನೇ ಕ್ಲಾಸಿನ ಹುಡುಗರು ಮೆತ್ತಗಿನ ಹುಡುಗನನ್ನು 'ಚಕ್ಕ' ಅಂತ ಕೂಗುವುದನ್ನು ಇವರು ಕೇಳಿಯೇ ಇಲ್ವಾ? ಬೈಗುಳ ಆಗಲೇ ತಲುಪಿದೆ. ತಲುಪದೇ ಇರೋದು ಪ್ರೀತಿಯ ಮಾತು ಮಾತ್ರ.

ಮನೆಯಲ್ಲಿ ಹೈಸ್ಕೂಲ್ ಮಕ್ಕಳಿದ್ದರೆ ಮೊದಲ ಸೀಸನ್ ಜೊತೆಗೆ ಕೂತು ನೋಡಬಹುದು. ಮೂರನೆಯದು ಭಾರ. ಅದರಲ್ಲಿ ಚಾರ್ಲಿ ಊಟ ಬಿಟ್ಟು ಆಸ್ಪತ್ರೆ ಸೇರುತ್ತಾನೆ. ಅದನ್ನು ಮೊದಲು ನೀವು ನೋಡಿ, ಆಮೇಲೆ ಮಕ್ಕಳಿಗೆ ತೋರಿಸಿ.