ಒಂಬತ್ತು ಯುರೋ ಗೆದ್ದು ಬಂದ ಕಥೆ

ತೆರಿಗೆ ಕಟ್ಟುವುದಕ್ಕೆ ಎಷ್ಟು ಹೊತ್ತು ಬೇಕು? ಕಾರ್ಡನ್ನು ಯಂತ್ರದ ಮೂತಿಗೆ ಹಿಡಿದರೆ ‘ಟುಂಯ್’ ಅನ್ನುತ್ತದಲ್ಲ, ಅಷ್ಟು. ಆ ಟುಂಯ್ ಒಳಗೇ ಸರ್ಕಾರ ತನ್ನ ಪಾಲು ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಾಗಿರುತ್ತದೆ. ನೀವು ಯಾರು, ಎಲ್ಲಿಯವರು, ಕೊಂಡ ಶೂ ನಿಜಕ್ಕೂ ಡಬ್ಬಿಯೊಳಗಿದೆಯೋ ಇಲ್ಲವೋ, ಒಂದನ್ನೂ ಕೇಳುವುದಿಲ್ಲ. ಅಷ್ಟೊಂದು ನಂಬಿಕೆ! ಅದೇ ದುಡ್ಡನ್ನು ದೇಶ ಬಿಡುವಾಗ ವಾಪಸ್ ಕೇಳಿ ನೋಡಿ. ಪಾಸ್‌ಪೋರ್ಟ್ ತಾ, ಫಾರ್ಮ್ ತಾ, ಬಿಲ್ ತಾ, ಬೋರ್ಡಿಂಗ್ ಪಾಸ್ ತಾ, ಶೂ ತಾ. ಶೂ ಕಾಲಲ್ಲಿದೆಯಾ? ಯಾರು ಹಾಕ್ಕೋ ಅಂದರು?

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಈ ಗಾದೆ ಕಟ್ಟಿದವರು ವಿಮಾನ ನಿಲ್ದಾಣ ಕಂಡವರಲ್ಲ. ಆದರೂ ತೆರಿಗೆ ಮರುಪಾವತಿಯ ಕೌಂಟರ್ ಮೇಲೆ ಬರೆಸಿ ಹಾಕಲು ಇದಕ್ಕಿಂತ ಒಳ್ಳೆಯ ಸಾಲು ಸಿಗದು.

ತತ್ವದ ಮಟ್ಟಿಗೆ ಎಲ್ಲ ಚೆನ್ನಾಗಿಯೇ ಇದೆ. ಮೌಲ್ಯವರ್ಧಿತ ತೆರಿಗೆ ಎಂಬ ಯಂತ್ರ 1954ರಲ್ಲಿ ಫ್ರಾನ್ಸಿನಲ್ಲಿ ಚಾಲೂ ಆಯಿತು. ಅದರ ಹಿಂದಿದ್ದ ತಲೆ ಮೋರಿಸ್ ಲೋರೆ ಎಂಬ ತೆರಿಗೆ ಅಧಿಕಾರಿಯದು. ವ್ಯಾಟ್ ಅನ್ನುವುದು ಬಳಕೆಯ ಮೇಲಿನ ತೆರಿಗೆ. ಪ್ರವಾಸಿ ಕೊಂಡದ್ದನ್ನು ಬಳಸದೆ ಗಡಿ ದಾಟಿಸಿದರೆ ಅದು ರಫ್ತು, ರಫ್ತಿಗೆ ತೆರಿಗೆ ಇಲ್ಲ. ಅಂದರೆ ಒಂದು ಜೊತೆ ಶೂ ಹಿಡಿದು ಮನೆಗೆ ಹೊರಟ ನಾನು ಲೆಕ್ಕಕ್ಕೆ ರಫ್ತುದಾರ. ಹುಟ್ಟಿದಾಗಿನಿಂದ ಯಾರೂ ನನ್ನನ್ನು ಅಷ್ಟು ದೊಡ್ಡ ಮಾತಿನಲ್ಲಿ ಕರೆದಿರಲಿಲ್ಲ.

ರಫ್ತುದಾರನಾಗಲು ಕನಿಷ್ಠ ಯೋಗ್ಯತೆಯೊಂದಿದೆ. ಮರುಪಾವತಿ ಬೇಕಾದರೆ ಕನಿಷ್ಠ ಇಷ್ಟು ದುಡ್ಡಿನ ಸಾಮಾನು ಕೊಂಡಿರಬೇಕು ಎಂಬ ಮಿತಿಯನ್ನು ಐರೋಪ್ಯ ಒಕ್ಕೂಟದ ದೇಶಗಳು 175 ಯುರೋಗಿಂತ ಮೇಲೆ ಇಡುವಂತಿಲ್ಲ; ಅದರ ಕೆಳಗೆ ಅವರವರ ಇಷ್ಟ. ಜರ್ಮನಿಯಲ್ಲಿ 50 ದಾಟಬೇಕು. ಸ್ಪೇನ್ 2018ರಲ್ಲಿ ಮಿತಿಯನ್ನೇ ಕಿತ್ತುಹಾಕಿತು. ಇಟಲಿಯವರು ಲೀರಾ ಕಾಲದ 3 ಲಕ್ಷವನ್ನು ಯುರೋಗೆ ತಿರುಗಿಸಿ 154 ಚಿಲ್ಲರೆ ಎಂದು ಇಟ್ಟುಕೊಂಡು ಕೂತಿದ್ದರು, 2024ರಲ್ಲಿ 70ಕ್ಕೆ ಇಳಿಸಿದರು. ನಾನಿದ್ದದ್ದು ಫ್ರಾನ್ಸಿನಲ್ಲಿ, ಅಲ್ಲಿ 100 ದಾಟಬೇಕು. ನನ್ನ ಶೂ 82.

ಅಂಗಡಿಯಾಕೆ ನನ್ನ ಬಿಲ್ ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಎರಡು ಅಂಕ ಕಮ್ಮಿಯಾಗಿ ಫೇಲಾದ ಹುಡುಗನನ್ನು ಹೆಡ್‌ಮಾಸ್ಟರು ನೋಡುತ್ತಾರಲ್ಲ, ಹಾಗೆ. ಆಮೇಲೆ ಮೆಲ್ಲಗೆ ಒಂದು ಸ್ಕಾರ್ಫ್ ಎತ್ತಿ ತೋರಿಸಿದಳು. ಸಾಸಿವೆ ಬಣ್ಣ. ನನ್ನ ಮೈಬಣ್ಣಕ್ಕೂ ಅದಕ್ಕೂ ಹಿಂದಿನ ಜನ್ಮದ ವೈರ. ಬೆಲೆ 26. ಒಟ್ಟು 108, ಅದರೊಳಗೆ ತೆರಿಗೆ 18! ಹದಿನೆಂಟು ಯುರೋ ಉಳಿಸುವುದಕ್ಕೆ ಇಪ್ಪತ್ತಾರು ಯುರೋ ಖರ್ಚು ಮಾಡಿದೆ. ಆ ಹೊತ್ತಿನಲ್ಲಿ ಅದು ನನಗೆ ಬುದ್ಧಿವಂತಿಕೆಯಾಗಿಯೇ ಕಂಡಿತು ಎನ್ನುವುದನ್ನು ದಯವಿಟ್ಟು ನಂಬಿ.

ಇಲ್ಲೊಂದು ಲೆಕ್ಕದ ಕಣ್ಕಟ್ಟಿದೆ. ತೆರಿಗೆ ಶೇಕಡಾ 20 ಅಂದ ಕೂಡಲೇ ಬಿಲ್ಲಿನ ಐದನೇ ಒಂದು ಭಾಗ ಬರುತ್ತದೆ ಎಂದು ಬಾಯಲ್ಲಿ ನೀರೂರುತ್ತದೆ. ಬೆಲೆಯೊಳಗೇ ತೆರಿಗೆ ಸೇರಿರುವುದರಿಂದ ಅದು ನಿಜಕ್ಕೂ ಆರನೇ ಒಂದು ಭಾಗ. ಆ ಆರನೇ ಒಂದೂ ಪೂರ್ತಿ ಕೈಗೆ ಬರದು. ನಡುವೆ ಮರುಪಾವತಿ ಕಂಪನಿ ಎಂಬುದೊಂದು ಕೂತಿದೆ, ಅದಕ್ಕೊಂದು ಪಾಲು. ನಗದು ಬೇಕೆಂದರೆ ಇನ್ನೊಂದು ಕತ್ತರಿ. ಬೇರೆ ಕರೆನ್ಸಿಯಲ್ಲಿ ಕೊಡಿ ಅಂದಿರೋ, ವಿನಿಮಯ ದರವೆಂಬ ಮೂರನೆಯ ಕತ್ತರಿ ಡ್ರಾಯರ್‌ನಿಂದ ಹೊರಬರುತ್ತದೆ. ದೇವರು ಕೊಟ್ಟರೂ ಪೂಜಾರಿ ಬಿಡ ಅನ್ನುತ್ತಾರೆ. ಇಲ್ಲಿ ಪೂಜಾರಿ ದೇವರ ಮುಂದೆಯೇ ಮೇಜು ಹಾಕಿಕೊಂಡು ರಸೀದಿ ಹರಿದು ಕೊಡುತ್ತಾನೆ.

ವಿಮಾನಕ್ಕೆ ನಾಲ್ಕು ತಾಸು ಮುಂಚೆ ನಿಲ್ದಾಣ ತಲುಪಿದೆ. ಅಲ್ಲಿ ಪಾಬ್ಲೋ ಎಂಬ ಯಂತ್ರ. ಫಾರ್ಮಿನ ಗೆರೆಗಳನ್ನು ತೋರಿಸಿದರೆ ಹಸಿರು ತೆರೆ, ಮುಗಿಯಿತು. ಸ್ಪೇನಿನವರು ಇಂಥದ್ದಕ್ಕೇ ದಿವಾ (ಒಪೆರಾದ ಹೆಸರಾಂತ ಗಾಯಕಿ) ಎಂದೂ ಇಟಲಿಯವರು ಒಟೆಲ್ಲೋ (ಷೇಕ್ಸ್‌ಪಿಯರನ ನಾಟಕದ ನಾಯಕ) ಎಂದೂ ಹೆಸರಿಟ್ಟಿದ್ದಾರೆ. ಸುಂಕದ ಇಲಾಖೆಗಳಿಗೆ ಇದು ನಾಟಕ ಕಂಪನಿ ಎಂಬ ಅರಿವು ಮೊದಲಿನಿಂದಲೂ ಇದೆ ಎಂದಾಯಿತು. ನನ್ನ ಮುಂದಿದ್ದ ಹತ್ತು ಮಂದಿಗೆ ಪಾಬ್ಲೋ ಹಸಿರು ತೋರಿಸಿದ. ನನಗೆ ಮಾತ್ರ ‘ಸುಂಕದ ಕೌಂಟರಿಗೆ ಹೋಗು’ ಅಂದ.

ಕೌಂಟರಿನ ಸಾಲು ಒಂದು ಬೇರೆ ಪ್ರಪಂಚ. ಅಲ್ಲಿ ಯಾರೂ ಬಡವರಲ್ಲ. ನನ್ನ ಹಿಂದಿದ್ದ ಮನುಷ್ಯನ ಕೈಗಡಿಯಾರದ ದುಡ್ಡಿನಲ್ಲಿ ನಾನು ಎರಡು ವರ್ಷ ಆರಾಮಾಗಿ ಇರಬಹುದಿತ್ತು. ಆತನೂ ಬೆವರುತ್ತಿದ್ದ, ನಾನೂ ಬೆವರುತ್ತಿದ್ದೆ. ಸಮಾನತೆ ಎನ್ನುವುದು ಭೂಮಿಯ ಮೇಲೆ ಎಲ್ಲಾದರೂ ಇದ್ದರೆ ಈ ಸಾಲಿನಲ್ಲಿದೆ. ಸಾಲಿನುದ್ದಕ್ಕೂ ಬಾಯಿ ತೆರೆದ ಸೂಟ್‌ಕೇಸ್‌ಗಳು. ಮುಂದಿದ್ದ ದಂಪತಿಗಳ ಕಥೆ ಇನ್ನೂ ದಾರುಣ. ಸಾಮಾನು ತೋರಿಸಿ ಮುದ್ರೆ ಹಾಕಿಸಿಕೊಂಡ ಮೇಲೆ ತಾನೇ ಚೆಕ್-ಇನ್ ಮಾಡಬೇಕು? ಅವರು ಮೊದಲು ಚೆಕ್-ಇನ್ ಮಾಡಿಬಿಟ್ಟಿದ್ದರು. ಕೈಯಲ್ಲಿ ಬಿಲ್ಲಿದೆ, ಫಾರ್ಮಿದೆ, ಪಾಸ್‌ಪೋರ್ಟ್ ಇದೆ. ಕೋಟು ವಿಮಾನದ ಹೊಟ್ಟೆಯಲ್ಲಿದೆ. ‘ಕೋಟು ಇಲ್ಲದೆ ಮುದ್ರೆ ಇಲ್ಲ’ ಎಂದರು ಒಳಗಿನವರು. ಕೋಟು ಆಗಲೇ ರಫ್ತಾಗುತ್ತಿತ್ತು, ಆದ್ದರಿಂದಲೇ ಅದನ್ನು ರಫ್ತೆಂದು ಒಪ್ಪುವಂತಿರಲಿಲ್ಲ.

ಇಟಲಿಯಲ್ಲಿ ಕೊಂಡು ಜರ್ಮನಿಯಲ್ಲಿ ವಿಮಾನ ಬದಲಿಸಿ ಹೋಗುವವರ ಪಾಡು ಕೇಳಲೇಬೇಡಿ. ಸಾಮಾನ್ಯವಾಗಿ ಒಕ್ಕೂಟದಿಂದ ಕೊನೆಯದಾಗಿ ಕಾಲು ತೆಗೆಯುವ ಜಾಗದಲ್ಲೇ ಮುದ್ರೆ ಬೀಳಬೇಕು.

ಎರಡು ತಾಸು ನಿಂತರೆ ಮನುಷ್ಯ ತತ್ವಜ್ಞಾನಿಯಾಗುತ್ತಾನೆ, ನಾನು ಬ್ರಿಟನ್ನಿನ ಬಗ್ಗೆ ಯೋಚಿಸಿದೆ. ಅವರು ಈ ರಗಳೆಯೇ ಬೇಡವೆಂದು 2021ರ ಜನವರಿ 1ರಿಂದ ಪ್ರವಾಸಿಗಳ ಮರುಪಾವತಿಯನ್ನೇ ನಿಲ್ಲಿಸಿದರು. ಉತ್ತರ ಐರ್ಲೆಂಡಿನಲ್ಲಿ ಮಾತ್ರ ಉಳಿಸಿಕೊಂಡರು. 2022ರ ಸೆಪ್ಟೆಂಬರ್ 23ರಂದು ಹಣಕಾಸು ಸಚಿವ ಕ್ವಾಸಿ ಕ್ವಾರ್ಟೆಂಗ್ ಎದ್ದುನಿಂತು, ಮತ್ತೆ ತರುತ್ತೇವೆ ಎಂದರು. ಅಕ್ಟೋಬರ್ 17ಕ್ಕೆ ಅವರ ಕುರ್ಚಿಯಲ್ಲಿ ಜೆರೆಮಿ ಹಂಟ್ ಕೂತು, ತರುವುದಿಲ್ಲ ಎಂದರು. ಇಪ್ಪತ್ತನಾಲ್ಕು ದಿನ. ಕೂಸಿಗೆ ಹೆಸರಿಡುವ ಮೊದಲೇ ತಿಥಿಯೂಟ. ಒಬ್ಬ ಪ್ರವಾಸಿಗೂ ಒಂದು ಪೌಂಡ್ ಸಿಗಲಿಲ್ಲ, ಸಾಲೂ ನಿಲ್ಲಬೇಕಾಗಲಿಲ್ಲ. ನನಗೇನೋ ಇರುವುದರಲ್ಲಿ ಅದೇ ಮಾನವೀಯ ವ್ಯವಸ್ಥೆ ಅನ್ನಿಸಿತು.

ಜಪಾನಿನವರು ಸಾಲೇ ಬೇಡವೆಂದು ಅಂಗಡಿಯಲ್ಲೇ ತೆರಿಗೆ ಬಿಟ್ಟುಕೊಡುವ ಪದ್ಧತಿ ಬೆಳೆಸಿದರು. ಆದರೆ ಬಿಸ್ಕತ್ತು ಕೊಂಡರೆ ಅದನ್ನು ಮೊಹರು ಮಾಡಿದ ಚೀಲದಲ್ಲಿಟ್ಟು, ದೇಶ ಬಿಡುವ ತನಕ ಬಿಚ್ಚಬೇಡ ಅಂದರು. ಬಿಸ್ಕತ್ತಿನ ಜೊತೆ ಒಂದೇ ಕೋಣೆಯಲ್ಲಿ ಹತ್ತು ದಿನ ಬ್ರಹ್ಮಚರ್ಯ! ಅಷ್ಟು ನಂಬಿದರೂ ಜನ ಬಿಡಲಿಲ್ಲ. ತೆರಿಗೆಯಿಲ್ಲದೆ ಕೊಂಡದ್ದನ್ನು ಅಲ್ಲೇ ಮಾರತೊಡಗಿದರು. ಹೀಗಾಗಿ 2026ರ ನವೆಂಬರ್‌ನಿಂದ ಮೊದಲು ಕಟ್ಟು, ಹೋಗುವಾಗ ಇಸ್ಕೋ ಎಂಬ ದಾರಿಗೆ ತಿರುಗುವುದೆಂದು ಅವರೂ ತೀರ್ಮಾನಿಸಿದರು. ಆಸ್ಟ್ರೇಲಿಯದವರು ಉದಾರಿಗಳು, ಕೊಂಡದ್ದನ್ನು ತೊಟ್ಟುಕೊಂಡೇ ಬನ್ನಿ ಅನ್ನುತ್ತಾರೆ. ಆದರೆ ಅಲ್ಲೂ ಒಂದೇ ವ್ಯಾಪಾರಿಯಲ್ಲಿ 300 ಡಾಲರ್ ಸುರಿದಿರಬೇಕು, 60 ದಿನದೊಳಗೆ ಹೊರಟಿರಬೇಕು.

ಕೊನೆಗೂ ನನ್ನ ಸರದಿ ಬಂತು. ಅಧಿಕಾರಿ ಫಾರ್ಮ್ ನೋಡಿದರು, ನನ್ನನ್ನು ನೋಡಿದರು, ‘ಶೂ’ ಅಂದರು. ಶೂ ಸೂಟ್‌ಕೇಸಿನ ತಳದಲ್ಲಿತ್ತು. ಅದರ ಮೇಲೆ ಹದಿನೈದು ದಿನದ ಒಗೆಯದ ಬಟ್ಟೆ. ಒಂದೊಂದೇ ತೆಗೆದು ಕೌಂಟರ್ ಮೇಲೆ ಪೇರಿಸಿದೆ. ಹಿಂದಿದ್ದ ಕೈಗಡಿಯಾರದ ಮನುಷ್ಯ ಸೌಜನ್ಯದಿಂದ ಚಾವಣಿ ನೋಡುತ್ತಾ ನಿಂತ. ಅಧಿಕಾರಿ ಶೂವಿನ ಅಟ್ಟೆ ತಿರುಗಿಸಿ, ಎಳೆಗರುವಿನ ಗೊರಸು ನೋಡಿದ ಹಾಗೆ ನೋಡಿದರು. ‘ಹಾಕಿಲ್ಲವಲ್ಲ?’ ‘ಇಲ್ಲ ಸ್ವಾಮೀ, ಹೊಚ್ಚ ಹೊಸದು.’ ‘ಸ್ಕಾರ್ಫ್?’ ಅದನ್ನೂ ಹರವಿದೆ. ಅದರ ಬಣ್ಣ ನೋಡಿ ಅವರ ಮುಖದಲ್ಲೂ ಏನೋ ಕರಗಿತು. ಮುದ್ರೆ ಬಿತ್ತು.

ಈಗಷ್ಟೇ ‘ಹೊಚ್ಚ ಹೊಸದು’ ಎಂದು ಪ್ರಮಾಣ ಮಾಡಿದ ಬಾಯಿಂದಲೇ, ಇಳಿಯುವ ಕಡೆ ಸುಂಕದವರು ಕೇಳಿದರೆ ‘ಹಳೆಯದು ಸ್ವಾಮೀ, ದಿನಾ ಹಾಕ್ಕೊಳ್ಳೋದು’ ಅನ್ನಲು ಸಾಲಿನವರೆಲ್ಲ ತಯಾರಿ ನಡೆಸಿದ್ದರು. ಹತ್ತು ತಾಸಿನ ಹಾರಾಟದಲ್ಲಿ ವಸ್ತುಗಳಿಗೆ ಇಷ್ಟು ಬೇಗ ಮುಪ್ಪು ಬರುವುದು ಇನ್ನೆಲ್ಲಿ ಸಾಧ್ಯ?

ನಗದು ಕಿಟಕಿಯಲ್ಲಿ ಇನ್ನೂ ಮುಕ್ಕಾಲು ಗಂಟೆ. ಹದಿನೆಂಟರಿಂದ ಕಂಪನಿಯ ಪಾಲು ಹೋಯಿತು, ನಗದಿನ ಶುಲ್ಕ ಹೋಯಿತು. ಕೈಗೆ ಒಂಬತ್ತು ಯುರೋ ಬಂತು. ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಕೊನೆಯ ಕರೆ ಕೇಳಿಸಿತೆಂದು ಓಡಿದೆ.

ವಿಮಾನ ಮೇಲೇರಿ ಎಸಿ ಗಾಳಿ ಕುತ್ತಿಗೆಗೆ ಹೊಡೆದಾಗ ಕೈಚೀಲ ತಡಕಿದೆ. ಶೂ ಇತ್ತು. ಸ್ಕಾರ್ಫ್ ಇರಲಿಲ್ಲ. ಬಟ್ಟೆಯ ರಾಶಿಯನ್ನು ಸೂಟ್‌ಕೇಸಿಗೆ ತುರುಕುವ ಗಡಿಬಿಡಿಯಲ್ಲಿ ಅದು ಸುಂಕದ ಕೌಂಟರ್ ಮೇಲೇ, ಆ ಅಧಿಕಾರಿಯ ಕಣ್ಣೆದುರೇ ಉಳಿದುಬಿಟ್ಟಿತ್ತು. ದೇಶ ಬಿಡದ ವಸ್ತುವಿಗೆ ಮರುಪಾವತಿ ಇಲ್ಲ. ಸ್ಕಾರ್ಫ್ ಕಳೆದರೆ ಉಳಿಯುವುದು 82, ನೂರಕ್ಕೆ ಕಮ್ಮಿ, ಆದ್ದರಿಂದ ಶೂವಿಗೂ ಇಲ್ಲ. ಆ ಒಂಬತ್ತು ಯುರೋ ಈಗ ಫ್ರಾನ್ಸ್ ಸರ್ಕಾರಕ್ಕೆ ಸೇರಬೇಕಾದದ್ದು. ಹಿಂದಿರುಗಿಸೋಣವೆಂದು ಫಾರ್ಮಿನ ಹಿಂದುಮುಂದು ಹುಡುಕಿದೆ. ಅದಕ್ಕೆ ಯಾವ ಕೌಂಟರ್ ಎಂದು ಎಲ್ಲೂ ಬರೆದಿಲ್ಲ.