72 ಬಂದ ಮಾತ್ರಕ್ಕೆ ಎಲ್ಲಾ ಸರಿ ಅಂತಲ್ಲ

ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಬರುವವರ ಮಾತು ಈಗೀಗ ಬದಲಾಗಿದೆ. ಮೊದಲು ಶುಗರ್ ಎಷ್ಟು, ಬಿಪಿ ಎಷ್ಟು ಅಂತಿತ್ತು. ಈಗ ಬೆಂಚಿನ ಮೇಲೆ ಕೂತು ವಾಚಲ್ಲಿ ಎದೆಬಡಿತ ನೋಡಿಕೊಂಡು, "ನಂದು 72, ನಿಮ್ದೆಷ್ಟು ಸಾರ್?" ಅಂತಾರೆ. 54 ಬಂದವರ ಮುಖ ಬಾಡುತ್ತದೆ. 72 ಬಂದವರು ಗೆದ್ದ ಖುಷಿಯಲ್ಲಿ ಇಡ್ಲಿ ತಿನ್ನೋಕೆ ಹೋಗುತ್ತಾರೆ. ಮೈಸೂರಲ್ಲೇ ಇಸಿಜಿ ತೆಗೆಯುವ ಕೆಲಸ ಮಾಡಿದವಳು ನಾನು. ಇದನ್ನು ಕೇಳಿದಾಗಲೆಲ್ಲ ಮಧ್ಯೆ ಬಾಯಿ ಹಾಕೋಣ ಅನ್ನಿಸುತ್ತದೆ. ಅಲ್ಲಿ ಹಾಕಿದರೆ ನನ್ನ ವಾಕಿಂಗ್ ಕೆಡುತ್ತದೆ, ಅದಕ್ಕೇ ಇಲ್ಲಿ.

ಸುಮ್ಮನೆ ಕೂತಾಗ ದೊಡ್ಡವರಲ್ಲಿ ನಿಮಿಷಕ್ಕೆ 60ರಿಂದ 100 ಬಡಿತ ನಾರ್ಮಲ್. ಇದು ಎಲ್ಲರಿಗೂ ಗೊತ್ತು. ಆದರೆ ಬಡಿತ ಎಷ್ಟು ಅನ್ನುವುದು ಅರ್ಧ ವಿಷಯ ಮಾತ್ರ. ಒಂದೇ ಅಂತರದಲ್ಲಿ ಬಡಿಯುತ್ತಿದೆಯಾ? ಇದನ್ನು ಯಾರೂ ಕೇಳುವುದೇ ಇಲ್ಲ.

ಹೃದಯದ ಬಲಗಡೆ ಮೇಲಿನ ಕೋಣೆಯಲ್ಲಿ ಸೈನಸ್ ನೋಡ್ ಅಂತ ಒಂದು ಪುಟ್ಟ ಜಾಗ ಇದೆ. ಪ್ರತಿ ಬಡಿತದ ಆಜ್ಞೆ ಅಲ್ಲಿಂದಲೇ ಹೊರಡಬೇಕು. ಏಟ್ರಿಯಲ್ ಫಿಬ್ರಿಲೇಷನ್ ಅನ್ನುವ ತೊಂದರೆಯಲ್ಲಿ ಅದರ ಮಾತು ನಡೆಯುವುದಿಲ್ಲ. ಮೇಲಿನ ಎರಡೂ ಕೋಣೆಗಳು ಸರಿಯಾಗಿ ಹಿಂಡಿಕೊಳ್ಳದೆ ಸುಮ್ಮನೆ ಅದುರುತ್ತಿರುತ್ತವೆ. ಕೆಳಗಿನ ಕೋಣೆಗಳಿಗೆ ಆಜ್ಞೆ ಹೇಗೆಂದರೆ ಹಾಗೆ ತಲುಪುತ್ತದೆ. ನಾಡಿ ಹಿಡಿದರೆ ಎರಡು ಬೇಗ, ಒಂದು ತಡ, ಆಮೇಲೆ ಮೂರು ಬೇಗ... ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಆದರೂ ನಿಮಿಷಕ್ಕೆ ಎಣಿಸಿದರೆ 72 ಬರಬಹುದು! ಎಷ್ಟೋ ಜನಕ್ಕೆ ಸುಸ್ತೂ ಇರುವುದಿಲ್ಲ, ಎದೆ ಡವಡವ ಅನ್ನುವುದೂ ಇಲ್ಲ. ಆದರೆ ಎಡಗಡೆ ಮೇಲಿನ ಕೋಣೆಯ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಸ್ಟ್ರೋಕ್. ಈ ತೊಂದರೆ ಇದ್ದವರಿಗೆ ಸ್ಟ್ರೋಕ್ ಭಯ ಸುಮಾರು 5 ಪಟ್ಟು ಜಾಸ್ತಿ. ಮೊದಲೇ ಗೊತ್ತಾದರೆ ರಕ್ತ ತೆಳು ಮಾಡುವ ಮಾತ್ರೆಯಿಂದ ಬಹಳಷ್ಟು ತಪ್ಪಿಸಬಹುದು. ವಯಸ್ಸಾದವರಲ್ಲಿ, ಬಿಪಿ ಇರುವವರಲ್ಲಿ, ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ವಾಲ್ವ್ ಹಾಳಾದವರಲ್ಲಿ ಇದು ಜಾಸ್ತಿ.

ಇನ್ನು ಆ 54ರವರು. ವಾರಕ್ಕೆರಡು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರಿಗೆ 54 ಬಂದರೆ ಅದು ಹೃದಯ ಗಟ್ಟಿಯಾಗಿರುವ ಲಕ್ಷಣವೇ ಇರಬಹುದು. ಬಿಪಿಗೆ, ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ತಗೊಳ್ಳುವವರಿಗೂ ಬಡಿತ ನಿಧಾನ ಆಗುತ್ತದೆ. ಹಾಗಂತ ಮಾತ್ರೆ ನೀವೇ ನಿಲ್ಲಿಸಬೇಡಿ. ಅದೇ 54ರ ಜೊತೆ ತಲೆಸುತ್ತು, ಕಣ್ಣು ಕತ್ತಲೆ ಬರುವುದು, ನಡೆದರೆ ಉಸಿರು ಕಟ್ಟುವುದು ಇದ್ದರೆ ವಿಷಯ ಬೇರೆ. ಆಜ್ಞೆ ಕೆಳಗೆ ಇಳಿಯುವ ದಾರಿಯಲ್ಲೇ ತಡೆ ಇರಬಹುದು. ಕೆಲವರಿಗೆ ಬಡಿತ ಸರಿಯಾಗಿ ನಡೆಸುವ ಪುಟ್ಟ ಯಂತ್ರ, ಪೇಸ್‌ಮೇಕರ್ ಬೇಕಾಗುತ್ತದೆ.

ಅಂತರ ಏರುಪೇರಾದರೆಲ್ಲ ಕಾಯಿಲೆ ಅಂತಲೂ ಅಲ್ಲ. ಚಿಕ್ಕ ವಯಸ್ಸಿನವರಲ್ಲಿ ಉಸಿರು ಒಳಗೆಳೆದಾಗ ಬಡಿತ ಸ್ವಲ್ಪ ಜೋರಾಗುತ್ತದೆ, ಬಿಟ್ಟಾಗ ನಿಧಾನ ಆಗುತ್ತದೆ. ಅದು ಆರೋಗ್ಯವೇ. ಆದರೆ ಮಷೀನು ಚೀಟಿ ಮೇಲೆ ಸೈನಸ್ ಅರಿದ್ಮಿಯಾ (ಬಡಿತ ಏರುಪೇರು) ಅಂತ ಪ್ರಿಂಟ್ ಮಾಡಿಬಿಡುತ್ತದೆ. ಕೆಲಸಕ್ಕೆ ಸೇರೋ ಮುಂಚೆ ಮೆಡಿಕಲ್ ಮಾಡಿಸೋಕೆ ಬಂದ ಹುಡುಗ ಬೆವರಿ, ಅವನ ತಾಯಿ "ಮದುವೆ ಬೇರೆ ಗೊತ್ತಾಗಿದೆ ಕಣವ್ವಾ" ಅಂತ ನನ್ನ ಮುಂದೆ ಅತ್ತಿದ್ದು ನೆನಪಿದೆ. ಮಷೀನು ಬರೆದದ್ದು ತೀರ್ಪಲ್ಲ, ಡಾಕ್ಟರ್ ನೋಡಬೇಕು. ಹಾಗೇ ಒಂದು ಬಡಿತ ತಪ್ಪಿ ಮುಂದಿನದು ಧಡ್ ಅಂತ ಬರುವುದು ಬಹಳ ಜನಕ್ಕೆ ಆಗುತ್ತದೆ, ಅದರಲ್ಲೂ ನಿದ್ದೆಗೆಟ್ಟಾಗ, ಕಾಫಿ ಜಾಸ್ತಿ ಆದಾಗ. ಹೆಚ್ಚಿನವರಿಗೆ ಅದರಿಂದ ಏನೂ ಆಗದು. ಪದೇ ಪದೇ ಆದರೆ, ಇಲ್ಲಾ ಮೊದಲೇ ಹೃದಯದ ಕಾಯಿಲೆ ಇದ್ದರೆ ತೋರಿಸಿ.

ನನಗೆ ನಿಜಕ್ಕೂ ಸಿಟ್ಟು ಬರುವುದು ಬೇರೆ ಕಡೆ. ಇಸಿಜಿ ಹಾಳೆಯಲ್ಲಿ ಇರುವುದು ಸುಮಾರು 10 ಸೆಕೆಂಡಿನ ಹೃದಯ. ಮಳವಳ್ಳಿ ಕಡೆ ಕಬ್ಬಿನ ಗದ್ದೆಯಲ್ಲಿ ಮಧ್ಯಾಹ್ನ ಎದೆ ಹಾರಿದವರು ಬಸ್ ಹಿಡಿದು ಬಂದು ಇಸಿಜಿಗೆ ಮಲಗುವ ಹೊತ್ತಿಗೆ ಎಲ್ಲಾ ಸರಿಯಾಗಿರುತ್ತದೆ. ಚೀಟಿ ನಾರ್ಮಲ್. "ಏನಿಲ್ಲ, ಗ್ಯಾಸು" ಅಂತ ಕಳಿಸುವುದನ್ನು ಎಷ್ಟು ಸಲ ನೋಡಿದ್ದೇನೋ. ಇಂಥವರಿಗೆ ಮೈಮೇಲೆ 24 ಗಂಟೆ ಕಟ್ಟಿಕೊಂಡಿರುವ ಹೋಲ್ಟರ್ ಅನ್ನುವ ಪುಟ್ಟ ಇಸಿಜಿ ಮಷೀನು ಇದೆ, ಕೇಳಿ. ಎದೆ ಹಾರುತ್ತಿರುವಾಗಲೇ ಹತ್ತಿರದ ಕಡೆ ಇಸಿಜಿ ತೆಗೆಸಿದರೆ ಇನ್ನೂ ಒಳ್ಳೆಯದು. ಸ್ವಿಚ್ ಹಾಕಿದ ಹಾಗೆ ತಟ್ಟನೆ 150 ದಾಟಿ, ತಟ್ಟನೆ ನಿಲ್ಲುತ್ತದಾ, ಇಲ್ಲಾ ನಿಧಾನಕ್ಕೆ ಏರಿ ಇಳಿಯುತ್ತದಾ? ಇದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಜ್ವರ ಇದ್ದರೂ, ರಕ್ತ ಕಮ್ಮಿ ಇದ್ದರೂ, ಥೈರಾಯ್ಡ್ ಹಾರ್ಮೋನ್ ಜಾಸ್ತಿ ಆದರೂ ಬಡಿತ ಜೋರಾಗುತ್ತದೆ.

ಮನೆಯಲ್ಲಿ ನೋಡೋದು ಕಷ್ಟವೇನಲ್ಲ. ಐದು ನಿಮಿಷ ಸುಮ್ನೆ ಕೂತು, ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಡಿ. ಹೆಬ್ಬೆರಳು ಬೇಡ, ಅದಕ್ಕೂ ತನ್ನದೇ ನಾಡಿ ಇದೆ. ಪೂರ್ತಿ ಒಂದು ನಿಮಿಷ ಎಣಿಸಿ. ಎಣಿಸುತ್ತಾ ಅಂತರವನ್ನೂ ಗಮನಿಸಿ. ಅಪ್ಪ ಅಮ್ಮನ ನಾಡಿಯನ್ನೂ ನೋಡಿ. ಎದೆನೋವು, ಪ್ರಜ್ಞೆ ತಪ್ಪುವುದು, ಬಾಯಿ ಸೊಟ್ಟಗಾಗುವುದು ಕಂಡರೆ ಎಣಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ವಾಚಲ್ಲೇ ಇಸಿಜಿ ಬರುತ್ತದೆ ಅನ್ನುವವರು ಆ ಚಿತ್ರ ಉಳಿಸಿಕೊಂಡು ಡಾಕ್ಟರಿಗೆ ತೋರಿಸಿ. ನನಗೆ ವಾಟ್ಸಾಪ್ ಮಾಡಬೇಡಿ, ಪ್ಲೀಸ್.