ಪೋರ್ಟಲ್ ಪ್ರತಿಷ್ಠಾಪನೆ

ಬ್ಯಾಕ್‌ಸ್ಟೇಜ್ ಎಂಬ ಡೆವಲಪರ್ ಪೋರ್ಟಲ್ಲನ್ನು (ಕಂಪನಿಯ ಸಾಫ್ಟ್‌ವೇರ್ ಸರ್ವಿಸುಗಳನ್ನೆಲ್ಲ ಪಟ್ಟಿ ಮಾಡಿ ತೋರಿಸುವ ಒಳಗಿನ ವೆಬ್‌ಸೈಟ್) ಕುಬರ್ನೆಟಿಸ್ ಕ್ಲಸ್ಟರಿನಲ್ಲಿ, ಅಂದರೆ ಆಪ್‌ಗಳನ್ನು ಓಡಿಸುವ ಕಂಪ್ಯೂಟರುಗಳ ಗುಂಪಿನಲ್ಲಿ, ಕೂರಿಸುವುದು ಹೇಗೆ ಎಂಬ ವಿಷಯದಲ್ಲಿ ನಮ್ಮ ಟೀಮಿನಲ್ಲಿ ಮೂರು ಮತಗಳು ಹುಟ್ಟಿಕೊಂಡವು. ಏನೇನು ಬೇಕೆಂದು ಕ್ಲಸ್ಟರಿಗೆ ಹೇಳುವ ಯಾಮಲ್ ಫೈಲುಗಳನ್ನು ಕೈಯಾರೆ ಬರೆದು ಅಪ್ಲೈ ಹೊಡೆಯಬೇಕು ಅನ್ನುವವರು, ಹೆಲ್ಮ್ ಚಾರ್ಟ್ ಎಂಬ ರೆಡಿಮೇಡ್ ಪ್ಯಾಕೇಜ್ ಇರುವಾಗ ಮೈ ಯಾಕೆ ನೋಯಿಸಿಕೊಳ್ಳಬೇಕು ಅನ್ನುವವರು, ಆಪನ್ನು ನೋಡಿಕೊಳ್ಳಲು ಕ್ಲಸ್ಟರಿನಲ್ಲೇ ಕೂರುವ ಆಪರೇಟರ್ ಎಂಬ ಪ್ರೋಗ್ರಾಮ್ ಇಲ್ಲದೆ ಮೋಕ್ಷವಿಲ್ಲ ಅನ್ನುವವರು. ದ್ವೈತ, ಅದ್ವೈತ, ವಿಶಿಷ್ಟಾದ್ವೈತದವರನ್ನಾದರೂ ಒಂದೇ ಪಂಕ್ತಿಯಲ್ಲಿ ಕೂರಿಸಬಹುದು, ಇವರನ್ನು ಒಂದೇ ಮೀಟಿಂಗಿನಲ್ಲಿ ಕೂರಿಸುವುದು ಕಷ್ಟ.

ಮ್ಯಾನೇಜರ್ ಯಾವುದೋ ಕಾನ್ಫರೆನ್ಸಿಗೆ ಹೋಗಿ ಟೀಶರ್ಟ್ ಜೊತೆಗೆ ಈ ಐಡಿಯಾನೂ ತಂದಿದ್ದರು. ಹಾಡು ಕೇಳಿಸುವ ಸ್ಪಾಟಿಫೈನವರು ತಮ್ಮ ಸರ್ವಿಸುಗಳ ಜಾತಕ ಒಂದೇ ಕಡೆ ಇರಲಿ ಎಂದು ಮಾಡಿಕೊಂಡಿದ್ದ ಬ್ಯಾಕ್‌ಸ್ಟೇಜ್ 2020ರಲ್ಲಿ ಓಪನ್ ಸೋರ್ಸ್ ಆಯಿತು. ಅದೇ ವರ್ಷ, ಕುಬರ್ನೆಟಿಸ್ ಇರುವ ಸಿಎನ್‌ಸಿಎಫ್ ಎಂಬ ಓಪನ್ ಸೋರ್ಸ್ ಸಂಸ್ಥೆಯ ಆಶ್ರಯಕ್ಕೂ ಬಂತು. ಆದರೆ ಇದು ಡಬ್ಬಿ ಒಡೆದು ಸ್ವಿಚ್ ಹಾಕುವ ಸಾಮಾನಲ್ಲ. ನಿಮ್ಮ ಆಪ್ ನೀವೇ ಕಟ್ಟಿ, ಅದನ್ನು ಓಡಿಸಲು ಬೇಕಾದ ಇಮೇಜ್ ಎಂಬ ಗಂಟನ್ನೂ ನೀವೇ ಬಿಲ್ಡ್ ಮಾಡಬೇಕು. ಕಾನ್ಫರೆನ್ಸಿನಲ್ಲಿ ಆ ಭಾಗ ಬಂದಾಗ ನಮ್ಮ ಸಾಹೇಬರು ಟೀಶರ್ಟಿನ ಕ್ಯೂನಲ್ಲಿದ್ದರೋ ಏನೋ.

ಮೊದಲ ಸರದಿ ಕೈಬರಹದ ಹುಬ್ಬಳ್ಳಿ ಹುಡುಗನದು. "ಹೆಲ್ಮ್ ಗಿಲ್ಮ್ ಯಾಕ್ರೀ ಸರ, ನಾಕ್ ಫೈಲ್ ಅದಾವು" ಎಂದ. ಪಾಡ್ (ಕ್ಲಸ್ಟರಿನಲ್ಲಿ ಆಪ್ ಓಡುವ ಗೂಡು) ಎದ್ದಿತು, ಬಿತ್ತು, ಮತ್ತೆ ಎದ್ದಿತು, ಮತ್ತೆ ಬಿತ್ತು. ಕ್ರ್ಯಾಶ್‌ಲೂಪ್‌ಬ್ಯಾಕ್‌ಆಫ್ ಅನ್ನುವ ಈ ಅವಸ್ಥೆಯಲ್ಲಿ ಕುಬರ್ನೆಟಿಸ್ 10 ಸೆಕೆಂಡ್ ಬಿಟ್ಟು ಎಬ್ಬಿಸುತ್ತದೆ, ಆಮೇಲೆ 20, ಆಮೇಲೆ 40, ಹೀಗೆ ಅಂತರ ದುಪ್ಪಟ್ಟಾಗುತ್ತಾ ಹೋಗಿ 5 ನಿಮಿಷಕ್ಕೆ ನಿಲ್ಲುತ್ತದೆ. 5 ನಿಮಿಷ ಅಂದರೆ ಕೆಳಗೆ ಟೀ ಕುಡಿದು ಬರಲು ಸಾಲದು, ಸುಮ್ಮನೆ ಕೂರಲು ಜಾಸ್ತಿ. ಪಾಸ್‌ವರ್ಡ್ ತಪ್ಪು ಎಂದು ಪೋಸ್ಟ್‌ಗ್ರೆಸ್ ಡೇಟಾಬೇಸ್, ಸರಿ ಇದೆ ಎಂದು ಹುಡುಗ. ಇಬ್ಬರೂ ಸತ್ಯವಂತರೇ. ಕುಬರ್ನೆಟಿಸ್ ಗುಟ್ಟುಗಳನ್ನಿಡುವ ಸೀಕ್ರೆಟ್‌ಗೆ ಹಾಕಲು ಅವನು ಪಾಸ್‌ವರ್ಡನ್ನು ಎಕೋ ಕಮಾಂಡಿನಿಂದ ಬೇಸ್64 ಎಂಬ ಅಕ್ಷರರೂಪಕ್ಕೆ ತಿರುಗಿಸಿದ್ದ. ಮೈನಸ್ ಎನ್ ಹಾಕದಿದ್ದರೆ ಎಕೋ ಬಾಲಕ್ಕೆ ಒಂದು ಹೊಸ ಸಾಲನ್ನೂ ಅಂಟಿಸಿ ಕಳಿಸುತ್ತದೆ. ಕಣ್ಣಿಗೆ ಕಾಣದ ಆ ಒಂದು ಎಂಟರ್ ನಮ್ಮ ಮಧ್ಯಾಹ್ನವನ್ನೆಲ್ಲ ನುಂಗಿತು.

ಹೆಲ್ಮ್ ಪಕ್ಷದ ಮೈಸೂರು ಮೇಡಂ ಒಂದೇ ಕಮಾಂಡ್ ಹೊಡೆದರು, ಪೋರ್ಟಲ್ ಎದ್ದು ಕೂತಿತು. ಮ್ಯಾನೇಜರ್ ಖುಷಿಯಲ್ಲಿ ದೊಡ್ಡವರನ್ನೆಲ್ಲ ಡೆಮೊಗೆ ಕರೆದರು. ಸರಿಯಾಗಿ ಆ ಹೊತ್ತಿಗೇ ಕ್ಲಸ್ಟರ್ ಟೀಮಿನವರು ಪ್ಯಾಚ್ ಹಾಕಲೆಂದು ಪಾಡ್ ಇದ್ದ ನೋಡ್ (ಕ್ಲಸ್ಟರಿನ ಒಂದು ಕಂಪ್ಯೂಟರ್) ಖಾಲಿ ಮಾಡಿಸಿದರು. ಪಾಡ್ ಪಕ್ಕದ ನೋಡಿನಲ್ಲಿ ಹೊಸದಾಗಿ ಎದ್ದಿತು. ಮೇಡಂ ಹಿಂದಿನ ದಿನವೆಲ್ಲ ಕೂತು ಸೇರಿಸಿದ್ದ ಸರ್ವಿಸುಗಳು ಮಾತ್ರ ಮಾಯ. ಹೊಸ ಆಪಿನ ಡೀಫಾಲ್ಟ್ ಸೆಟ್ಟಿಂಗಿನಲ್ಲಿ ಡೇಟಾ ಇರುವುದು ಎಸ್‌ಕ್ಯುಎಲ್‌ಲೈಟ್ ಎಂಬ ಪುಟ್ಟ ಡೇಟಾಬೇಸಿನಲ್ಲಿ, ಅದೂ ಮೆಮೊರಿಯಲ್ಲಿ. ಪಾಡ್ ಹೋದರೆ ಅದರೊಂದಿಗೆ ಸಹಗಮನ. ಪರದೆಯಲ್ಲಿ ಉಳಿದದ್ದು ಆಪ್ ಜೊತೆಗೇ ಬರುವ 'ಎಕ್ಸಾಂಪಲ್ ವೆಬ್‌ಸೈಟ್' ಒಂದೇ. ದೊಡ್ಡವರೊಬ್ಬರು ತಲೆದೂಗಿ, "ಇಂಟರ್‌ಫೇಸ್ ತುಂಬಾ ಕ್ಲೀನಾಗಿದೆ" ಎಂದರು.

ಮೂರನೆಯವರು ಕುಂದಾಪುರದ ಭಟ್ಟರು. ಆಪರೇಟರ್ ಹಾಕಲು ಕ್ಲಸ್ಟರ್ ಅಡ್ಮಿನ್ ಪರ್ಮಿಷನ್ ಬೇಕು, ಅದಕ್ಕೊಂದು ಟಿಕೆಟ್, ಆ ಟಿಕೆಟ್‌ಗೆ ಅಪ್ರೂವಲ್, ಅಪ್ರೂವ್ ಮಾಡಬೇಕಾದವರು ರಜೆ. ಅಂತೂ ಕೂತಿತು. ಮೆಮೊರಿ ಸಾಲದು ಅನ್ನಿಸಿ ಹುಬ್ಬಳ್ಳಿ ಹುಡುಗ ಪಾಡ್ ಹೇಗಿರಬೇಕೆಂದು ಹೇಳುವ ಡಿಪ್ಲಾಯ್‌ಮೆಂಟ್ ತೆರೆದು ಲಿಮಿಟ್ ಹೆಚ್ಚಿಸಿದ. ತಿರುಗಿ ನೋಡಿದರೆ ಹಳೆಯ ಅಂಕಿಯೇ. ಮತ್ತೆ ಹೆಚ್ಚಿಸಿದ, ಮತ್ತೆ ಇಳಿಯಿತು. "ಯಾರೋ ಬೇಕಂತಲೇ ಮಾಡಾಕತ್ತಾರ್ರೀ ಸರ!" ಎಂದು ಟೀಮಿನವರ ಮುಖಗಳನ್ನೆಲ್ಲ ಒಂದೊಂದಾಗಿ ನೋಡತೊಡಗಿದ. ಭಟ್ಟರು ಕುರ್ಚಿಯಿಂದ ಏಳದೆ, "ಅದು ಆಪರೇಟರ್ ಮಾರಾಯ. ಯಾರು ಏನು ತಿದ್ದಿದರೂ ಮೊದಲಿನ ಹಾಗೆ ಮಾಡಿಡುವುದೇ ಅದರ ಕೆಲಸ. ಅದು ಓದಿಕೊಳ್ಳುವ ಕಸ್ಟಮ್ ರಿಸೋರ್ಸಿನಲ್ಲಿ ಬದಲಾಯಿಸು" ಎಂದರು. ಅಷ್ಟರೊಳಗೆ ಹುಡುಗ ಇಬ್ಬರ ಹತ್ತಿರ ಮಾತು ಬಿಟ್ಟಾಗಿತ್ತು.

ಕೊನೆಗೆ ಗೆದ್ದದ್ದು ಹೆಲ್ಮ್. ಕಾರಣ ತಾಂತ್ರಿಕವೇನಲ್ಲ. ಭಟ್ಟರು ಮಗಳ ಮದುವೆಗೆ ಊರಿಗೆ ಹೊರಟಿದ್ದರು, ಆಪರೇಟರಿನ ತಂಟೆಗೆ ಹೋಗುವ ಧೈರ್ಯ ಬೇರೆ ಯಾರಿಗೂ ಇರಲಿಲ್ಲ. ಪೋಸ್ಟ್‌ಗ್ರೆಸ್ ಜೋಡಿಸಿ, ಎಕೋಗೆ ಮೈನಸ್ ಎನ್ ಹಾಕಿ, ಸರ್ವಿಸುಗಳನ್ನೆಲ್ಲ ಇನ್ನೊಮ್ಮೆ ಸೇರಿಸಿದ್ದಾಯಿತು. ಎಕ್ಸಾಂಪಲ್ ವೆಬ್‌ಸೈಟನ್ನು ತೆಗೆಯಲು ಯಾರಿಗೂ ನೆನಪಾಗಲಿಲ್ಲ. ಮ್ಯಾನೇಜರ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತಾ ಬಂದವರು ಅದರ ಓನರ್ ಕಾಲಮ್ಮಿನ ಹತ್ತಿರ ನಿಂತರು. ಅಲ್ಲಿ 'ಗೆಸ್ಟ್ಸ್' ಎಂದಿತ್ತು.

"ಈ ಗೆಸ್ಟ್ಸ್ ಟೀಮಿನವರು ಯಾವ ಫ್ಲೋರಿನಲ್ಲಿ ಕೂರೋದು? ಒಂದು ಸಲಾನೂ ಸ್ಟ್ಯಾಂಡಪ್ ಮೀಟಿಂಗಿಗೆ ಬಂದಿಲ್ಲವಲ್ರೀ. ನಾಳೆಯಿಂದ ಅವರನ್ನೂ ಇನ್ವೈಟಿಗೆ ಸೇರಿಸಿ."